ಗಾಳಿ ಬಂದೂಕು ಕೊಳ್ಳುವ ಮುನ್ನ



ಕಬ್ಬಿನ ಕಟಾವು ಶುರುವಾಯಿತೆಂದರೆ ನಮ್ಮ ದತ್ತವಾಡದ ಸುತ್ತಮುತ್ತ ಮೊಲದ ಮಾತೂ ಶುರುವಾಗುತ್ತದೆ. ಗ್ಯಾಂಗಿನವರು ಹೊಲದ ಒಂದು ಕಡೆಯಿಂದ ಕಡಿಯುತ್ತಾ ಬಂದಂತೆ ಒಳಗೆ ಅಡಗಿದ ಮೊಲ, ಗೌಜಲಕ್ಕಿ, ಮುಂಗುಸಿಗಳು ಉಳಿದ ನಾಲ್ಕು ಸಾಲಿನೊಳಗೆ ಸರಿಯುತ್ತವೆ. ಕೊನೆಗೆ ಹೊರಗೆ ಹಾರಲೇಬೇಕು. ಆ ಹೊತ್ತಿಗೆ ಬದುವಿನ ಮೇಲೆ ನಾಯಿ, ಬಡಿಗೆ, ಬಲೆ ಹಿಡಿದು ನಿಲ್ಲುವುದು ಹಳೆಯ ರೂಢಿ. ಈಗ ನಾಲ್ಕಾರು ವರ್ಷಗಳಿಂದ ಬಡಿಗೆಯ ಜಾಗಕ್ಕೆ ಇನ್ನೊಂದು ವಸ್ತು ಬರುತ್ತಿದೆ. ನಮ್ಮ ಯುವಕರು ಅದನ್ನು ‘ಪಿಸಿಪಿ’ ಎನ್ನುತ್ತಾರೆ. ಮೊದಲೇ ಗಾಳಿ ತುಂಬಿಸಿಟ್ಟುಕೊಂಡು ಒಂದಾದ ಮೇಲೊಂದು ಛರ್ರೆ ಹಾರಿಸುವ ಏರ್‌ಗನ್ ಅದು. ‘ಸಣ್ಣ ಬೇಟೆಗೆ ಯಾವುದು ಒಳ್ಳೆಯದು? ಯಾವ ಕಂಪನಿಯದು ತರಬೇಕು?’ ಎಂದು ಪೂಜೆ ಮುಗಿದು ಗುಡಿಯಿಂದ ಹೊರಗೆ ಬರುವಾಗಲೂ ಕೇಳುವವರಿದ್ದಾರೆ. ಕೃಷಿ ಮತ್ತು ಆರೋಗ್ಯ ಎರಡಕ್ಕೂ ಸಂಬಂಧಿಸಿದ ಪ್ರಶ್ನೆಯಾದುದರಿಂದ ಈ ಅಂಕಣದಲ್ಲಿ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಬೇಟೆಗೆಂದು ಆರಿಸಿಕೊಳ್ಳಬಹುದಾದ ಗಾಳಿ ಬಂದೂಕು ನಮ್ಮ ದೇಶದಲ್ಲಿ ಯಾವುದೂ ಇಲ್ಲ. ಅಂಗಡಿಯಲ್ಲಿ ಸಿಗುವುದಿಲ್ಲವೆಂದಲ್ಲ, ಬೇಟೆಯೇ ಇಲ್ಲ. ಆದರೆ ಗುರಿಯ ಆಟಕ್ಕೆಂದು ಕೊಳ್ಳುವವರಿಗೆ ಆರಿಸಿಕೊಳ್ಳಲು ಬೇಕಾದಷ್ಟಿದೆ, ಅದರಲ್ಲಿ ತಪ್ಪೂ ಇಲ್ಲ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದು ಎಷ್ಟೋ ಮನೆಗಳಲ್ಲಿ ತಿಳಿದಿಲ್ಲ. ಬಂದೂಕು ಮಾರುವವನು ಅದನ್ನು ಬಿಡಿಸಿ ಹೇಳುವುದೂ ಇಲ್ಲ.

ಹಿರಿಯರಲ್ಲಿ ಕೆಲವರು ‘ನಮ್ಮ ಕಾಲದಲ್ಲಿ ಮೊಲದ ಬೇಟೆಗೆ ಸರ್ಕಾರವೇ ಲೈಸೆನ್ಸ್ ಕೊಡುತ್ತಿತ್ತು’ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಪ್ರಾಣಿಗಳನ್ನು ಅನುಸೂಚಿಗಳಾಗಿ ವಿಂಗಡಿಸಿ, ಮೊಲ, ಗೌಜಲು ಮುಂತಾದವನ್ನು ನಾಲ್ಕನೆಯ ಅನುಸೂಚಿಯಲ್ಲಿ ಇಟ್ಟಿದ್ದರು. ಆ ‘ಸಣ್ಣ ಬೇಟೆ’ಗೆ ಪರವಾನಗಿ ಪಡೆಯುವ ದಾರಿ ಕಾಯ್ದೆಯಲ್ಲಿಯೇ ಇತ್ತು. 1991ರ ತಿದ್ದುಪಡಿ ಆ ಪರವಾನಗಿಯ ಕಲಮುಗಳನ್ನೇ ತೆಗೆದುಹಾಕಿತು. ಅಂದಿನಿಂದ ಮೊಲವಾಗಲಿ, ಗೌಜಲಾಗಲಿ, ಗಿಣಿಯಾಗಲಿ, ನವಿಲಾಗಲಿ ಸಾಮಾನ್ಯನಿಗೆ ಬೇಟೆಯ ಪ್ರಾಣಿಯಲ್ಲ. 2022ರಲ್ಲಿ ಕಾಯ್ದೆಯನ್ನು ಮತ್ತೆ ತಿದ್ದಿ ಅನುಸೂಚಿಗಳನ್ನು ಹೊಸದಾಗಿ ಬರೆದರು. ಕಾಗೆ, ಇಲಿ, ಹಣ್ಣಿನ ಬಾವಲಿಗಳನ್ನು ಉಪದ್ರವಿ ಎಂದು ಬೇರೆ ಇಟ್ಟಿದ್ದ ಹಳೆಯ ಐದನೆಯ ಅನುಸೂಚಿಯೂ ಆಗ ಹೋಯಿತು. ಆದುದರಿಂದ ‘ಕಾಗೆ ಹೊಡೆದರೆ ಯಾರು ಕೇಳುತ್ತಾರೆ’ ಎಂಬ ಹಳೆಯ ಧೈರ್ಯಕ್ಕೂ ಈಗ ಆಧಾರವಿಲ್ಲ.

ಕಾಯ್ದೆಯಲ್ಲಿ ಬೇಟೆ ಎಂಬ ಶಬ್ದದ ಅರ್ಥ ಬಹಳ ಅಗಲವಾಗಿದೆ ಎಂಬುದನ್ನೂ ತಿಳಿದಿರಬೇಕು. ಕೊಲ್ಲುವುದು ಮಾತ್ರವಲ್ಲ, ಉರುಲು ಹಾಕುವುದು, ಬೆನ್ನಟ್ಟಿ ಓಡಿಸುವುದು, ಆಮಿಷ ಇಡುವುದು, ಗಾಯಗೊಳಿಸುವುದು, ಹಕ್ಕಿಯ ಮೊಟ್ಟೆ ಗೂಡು ಕೆಡಿಸುವುದು, ಇವೆಲ್ಲಕ್ಕೂ ಯತ್ನಿಸುವುದು ಕೂಡ ಬೇಟೆಯೇ. ಗುರಿ ತಪ್ಪಿತು, ಮೊಲ ಓಡಿಹೋಯಿತು ಎಂದರೆ ಅಪರಾಧ ತಪ್ಪುವುದಿಲ್ಲ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನವಿಲಿನಂಥ ಮೊದಲನೆಯ ಅನುಸೂಚಿಯ ಜೀವಿಯಾದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆ. ಬಳಸಿದ ಬಂದೂಕು ಮತ್ತು ಗಾಡಿ ಜಪ್ತಾಗುತ್ತವೆ. ಸಾಲ ಮಾಡಿ ತಂದ ಮೋಟಾರ್ ಸೈಕಲ್ಲು ಒಂದು ಮೊಲದ ಸಲುವಾಗಿ ಅರಣ್ಯ ಇಲಾಖೆಯ ಅಂಗಳದಲ್ಲಿ ತುಕ್ಕು ಹಿಡಿಯುವುದನ್ನು ಯಾವ ತಾಯಿಯೂ ಬಯಸುವುದಿಲ್ಲ.

ಇದು ಕಾಗದದ ಮೇಲಿನ ಕಾಯ್ದೆ ಮಾತ್ರ ಎಂದು ತಿಳಿಯಬೇಡಿರಿ. 2025ರ ಯುಗಾದಿಯ ಹೊತ್ತಿಗೆ ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಮೊಲಗಳನ್ನು ಬೇಟೆಯಾಡಿ ಮೆರವಣಿಗೆ ಮಾಡಿದ ದೃಶ್ಯ ಫೋನಿನಿಂದ ಫೋನಿಗೆ ಹರಿದಾಡಿತು. ಅರಣ್ಯ ಇಲಾಖೆ ಮೊಕದ್ದಮೆ ಹೂಡಿತು. ಹಬ್ಬದ ರೂಢಿ ಎಂಬ ಮಾತೂ ದೊಡ್ಡ ಮನೆತನ ಎಂಬ ಮಾತೂ ಮೊಕದ್ದಮೆಯನ್ನು ತಡೆಯಲಿಲ್ಲ. ಮೊದಲು ಇಂಥದಕ್ಕೆ ಸಾಕ್ಷಿ ಸಿಗುವುದು ಕಷ್ಟವಿತ್ತು. ಈಗ ಹೊಡೆದವನೇ ಸಾಕ್ಷಿಯನ್ನು ಚಿತ್ರ ತೆಗೆದು ಊರಿಗೆಲ್ಲಾ ಹಂಚುತ್ತಾನೆ.

ಹಾಗಾದರೆ ಫೋನಿನಲ್ಲಿ ಬಿಳಿಯರು ರಾಜಾರೋಷವಾಗಿ ಮೊಲ ಹೊಡೆಯುವುದನ್ನು ತೋರಿಸುತ್ತಾರಲ್ಲ ಎಂದು ನಮ್ಮ ಹುಡುಗರು ಕೇಳುತ್ತಾರೆ. ಅದು ಬೇರೆ ದೇಶ, ಬೇರೆ ಕಾಯ್ದೆ, ಪ್ರಾಣಿಯೂ ಬೇರೆ. ಇಂಗ್ಲೆಂಡಿನಲ್ಲಿ ಹೊಲ ಕೆಡಿಸುವುದು ಬಿಲ ತೋಡಿ ಗುಂಪಾಗಿ ಬದುಕುವ ಯುರೋಪಿನ ಮೊಲ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಅದರ ಸುಮಾರು ಎರಡು ಡಜನ್ ತರಿಸಿ ಆಸ್ಟ್ರೇಲಿಯಾದಲ್ಲಿ ಬಿಟ್ಟ. ಅವು ಹೆಚ್ಚಿ ಹೆಚ್ಚಿ ಆ ಇಡೀ ಖಂಡದ ಹುಲ್ಲುಗಾವಲಿಗೇ ಪಿಡುಗಾದವು. ನಮ್ಮ ಹೊಲದ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ನೆಲಕ್ಕೆ ಒತ್ತಿಕೊಂಡು ಮಲಗುತ್ತದೆ, ಒಂಟಿಯಾಗಿ ತಿರುಗುತ್ತದೆ. ಅದರಿಂದ ಎಳೆಯ ಶೇಂಗಾ, ಕಡಲೆಗೆ ಒಂದಿಷ್ಟು ಹಾನಿಯಾಗುವುದು ನಿಜ. ಆದರೆ ಮೊಲದಿಂದ ಮುಳುಗಿದ ರೈತನನ್ನು ಶಿರೋಳ ತಾಲೂಕಿನಲ್ಲಿ ನಾವು ಕಂಡಿಲ್ಲ. ಮಹಾಪೂರದಿಂದ ಮುಳುಗಿದವರನ್ನು 2005, 2019, 2021ರಲ್ಲಿ ಕಣ್ಣಾರೆ ಕಂಡಿದ್ದೇವೆ.

ಇನ್ನು ಬಂದೂಕಿನ ವಿಷಯಕ್ಕೆ ಬರೋಣ. ಗಾಳಿ ತುಂಬಿಸಿಡುವ ಬಂದೂಕು ಹೊಸದೇನಲ್ಲ. ಸುಮಾರು 1780ರ ಹೊತ್ತಿಗೆ ಜಿರಾರ್ಡೋನಿ ಎಂಬ ಕುಶಲಕರ್ಮಿ ಮಾಡಿದ ಗಾಳಿ ರೈಫಲ್ಲನ್ನು ಆಸ್ಟ್ರಿಯಾದ ಸೈನ್ಯ ಬಳಸಿತ್ತು. ಅದರ ಹಿಂಬದಿಯ ಬುರುಡೆಗೆ ಗಾಳಿ ತುಂಬಿಸಲು ಸಾವಿರದೈನೂರರಷ್ಟು ಸಲ ಪಂಪು ಒತ್ತಬೇಕಾಗುತ್ತಿತ್ತಂತೆ! 1804ರಲ್ಲಿ ಅಮೆರಿಕದ ಪಶ್ಚಿಮ ತೀರ ಹುಡುಕಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡವೂ ಒಂದು ಗಾಳಿ ರೈಫಲ್ಲು ಒಯ್ದಿತ್ತು. ಆದುದರಿಂದ ‘ಗಾಳಿಯದು ತಾನೇ, ಆಟಿಕೆ’ ಎಂಬ ಭಾವನೆಯನ್ನು ಮೊದಲು ಬಿಡಬೇಕು.

ಇಂದಿನ ಪಿಸಿಪಿಯ ಕೊಳವೆಯಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಕೆಲವು ಮಾದರಿಗಳಲ್ಲಿ 300ರವರೆಗೂ ಹೋಗುತ್ತದೆ. ಕಾರಿನ ಗಾಲಿಯಲ್ಲಿ ಇರುವುದು ಎರಡೂಕಾಲು ಬಾರ್‌ನ ಆಸುಪಾಸು. ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಪಂಪಿನಲ್ಲಿ ಮೂರು ಬಾರ್ ಇದ್ದರೆ ಹೆಚ್ಚು. 200 ಬಾರ್ ಎಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ, ಸುಮಾರು ಎರಡು ಕ್ವಿಂಟಾಲ್ ಭಾರ ಕೂತಂತೆ. ಸಿಎನ್‌ಜಿ ಗಾಡಿಯ ಸಿಲಿಂಡರಿನಲ್ಲಿ ಇರುವ ಒತ್ತಡವೂ ಇಷ್ಟೇ. ಆ ಸಿಲಿಂಡರನ್ನು ನಿಗದಿತ ಅವಧಿಗೆ ತಪಾಸಣೆ ಮಾಡಿಸದೆ ಓಡಿಸುವಂತಿಲ್ಲ. ಅಟ್ಟದ ಮೇಲೆ ಇಟ್ಟ ಬಂದೂಕಿನ ಕೊಳವೆಯನ್ನು ಯಾರು ತಪಾಸಣೆ ಮಾಡುತ್ತಾರೆ? ಕೈಪಂಪಿನಿಂದ ತುಂಬಿಸುವಾಗ ಗಾಳಿಯ ಜೊತೆ ತೇವವೂ ಒಳಗೆ ಹೋಗುತ್ತದೆ. ನದಿದಂಡೆಯ ನಮ್ಮ ಊರುಗಳ ಮಳೆಗಾಲದಲ್ಲಿ ಕೇಳುವುದೇ ಬೇಡ. ಒಳಗಿನ ತುಕ್ಕು ಹೊರಗೆ ಕಾಣದು.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಇಷ್ಟು ಒತ್ತಡ ಬರುವುದಿಲ್ಲ. ಆಗ ಯಾವನೋ ಜಾಣ ‘ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರಿನಿಂದ ತುಂಬಿಸಿಕೊಳ್ಳೋಣ’ ಎನ್ನುತ್ತಾನೆ. ಎಂದಿಗೂ ಕೂಡದು. ಒತ್ತಡದ ಆಕ್ಸಿಜನ್ ಎಣ್ಣೆಯನ್ನೋ ಗ್ರೀಸನ್ನೋ ಮುಟ್ಟಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಂಡು ಸಿಡಿಯುತ್ತದೆ. ಬಂದೂಕು ಆಗ ಮುಖದ ಪಕ್ಕದಲ್ಲೇ ಇರುತ್ತದೆ. ಇದಕ್ಕೆ ತುಂಬಬೇಕಾದದ್ದು ಒಣ ಗಾಳಿ ಮಾತ್ರ. ಸೀಲುಗಳಿಗೆ ಹಚ್ಚಬೇಕಾದದ್ದು ತಯಾರಕರು ಹೇಳಿದ ಸಿಲಿಕೋನ್ ಗ್ರೀಸು. ಟ್ರ್ಯಾಕ್ಟರಿನ ಎಣ್ಣೆಯಾಗಲಿ ಹೊಲಿಗೆ ಯಂತ್ರದ ಎಣ್ಣೆಯಾಗಲಿ ಅಲ್ಲ.

ಪರವಾನಗಿಯ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಬಾಯಲ್ಲಿ 20 ಜೂಲ್‌ಗಿಂತ ಹೆಚ್ಚು ಶಕ್ತಿ ಇರುವ, ಅಥವಾ 4.5 ಮಿಲಿಮೀಟರ್, ಅಂದರೆ 0.177 ಅಂಗುಲಕ್ಕಿಂತ ದೊಡ್ಡ ನಳಿಗೆಯ ಗಾಳಿ ಬಂದೂಕಿಗೆ ಪರವಾನಗಿ ಬೇಕು. ಅದಕ್ಕೂ ಕೆಳಗಿನದಕ್ಕೆ ಬೇಕಿಲ್ಲ. 0.52 ಗ್ರಾಂ ತೂಕದ ಛರ್ರೆ ಸೆಕೆಂಡಿಗೆ 270 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 19 ಜೂಲ್. ಅಂದರೆ ಗಡಿಯ ಅಂಚಿನಲ್ಲಿಯೇ ಇದೆ. ಅದಕ್ಕೆ ಕೆಲವರು ಮನೆಗೆ ತಂದ ಮೇಲೆ ಮೆಕ್ಯಾನಿಕನ ಕೈಯಲ್ಲಿ ವಾಲ್ವು, ಸ್ಪ್ರಿಂಗು ಬದಲಿಸಿ ‘ಪವರ್’ ಏರಿಸಿಕೊಳ್ಳುತ್ತಾರೆ. ಇಪ್ಪತ್ತರ ಗೆರೆ ದಾಟಿದ ಗಳಿಗೆಗೆ ಅದು ಪರವಾನಗಿಯಿಲ್ಲದ ಶಸ್ತ್ರವಾಗುತ್ತದೆ. ಇದು ಅರಣ್ಯ ಇಲಾಖೆಯದಲ್ಲ, ಪೊಲೀಸರ ಮೊಕದ್ದಮೆ. ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ಪರವಾನಗಿ ಬೇಡ ಎಂದರೆ ಬೇಟೆಗೆ ಅಪ್ಪಣೆ ಇದೆ ಎಂದು ಅರ್ಥವಲ್ಲ. ಕುಡಗೋಲಿಗೂ ಪರವಾನಗಿ ಬೇಡ.

ಅಂಗಡಿಯವರು ‘ಕಾಡುಹಂದಿಗೂ ಆಗುತ್ತದೆ’ ಎಂದು ಹೇಳಿದ್ದನ್ನು ಆಜರಾ, ಗಡಹಿಂಗ್ಲಜ ಕಡೆಯ ನೆಂಟರೊಬ್ಬರು ನಮಗೆ ತಿಳಿಸಿದರು. ಆ ಸೀಮೆಯಲ್ಲಿ ಹಂದಿಯ ಕಾಟ ನಿಜವಾದದ್ದು. ಒಂದು ರಾತ್ರಿಯಲ್ಲಿ ಶೇಂಗಾ ಹೊಲ ಉತ್ತಿಟ್ಟಂತೆ ಆಗುತ್ತದೆ. ಆ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ 20 ಜೂಲಿನ ಛರ್ರೆ ಹಂದಿಯ ತೊಗಲಿನೊಳಗೆ ಸಿಕ್ಕಿ ಕೊಳೆತು ಅದನ್ನು ವಾರಗಟ್ಟಲೆ ನರಳಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಗಾಯಗೊಂಡ ಹಂದಿ ಮರುದಿನ ಹುಲ್ಲು ಕೊಯ್ಯಲು ಹೋದ ಹೆಣ್ಣುಮಗಳ ಮೇಲೆ ಬೀಳುತ್ತದೆ. ಬೆಳೆ ತಿನ್ನುವ ಕಾಡುಪ್ರಾಣಿಯ ಬಗ್ಗೆ ಕಾಯ್ದೆಯ 11ನೆಯ ಕಲಮಿನಲ್ಲಿ ದಾರಿಯಿದೆ. ಜೀವಕ್ಕೋ ನಿಂತ ಪೈರಿಗೋ ಅಪಾಯವಾದಾಗ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಅಪ್ಪಣೆ ಕೊಡಬಹುದು. ಹಾನಿಯಾದರೆ ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯಿಂದ ಪರಿಹಾರವೂ ಉಂಟು. ಅರ್ಜಿ, ಸಾತ್‌ಬಾರಾ ಉತಾರ, ಪಂಚನಾಮೆ ಎಂದು ಓಡಾಟವಿದೆ, ಬೇಸರವಿದೆ, ಸಿಗುವ ಹಣ ಹಾನಿಗೆ ಸಾಟಿಯಾಗುವುದೂ ಅಪರೂಪ. ಈ ವಿಷಯದಲ್ಲಿ ಸರ್ಕಾರ ಇನ್ನೂ ಚುರುಕಾಗಬೇಕೆಂದು ನಾವೂ ಹೇಳುತ್ತೇವೆ. ಹಾನಿ ಕಂಡ ದಿನವೇ ಫೋಟೋ ತೆಗೆದು ಅರ್ಜಿ ಕೊಡಿರಿ. ಹೆಜ್ಜೆ ಗುರುತು ಅಳಿದ ಮೇಲೆ ಹೋದರೆ ನಂಬುವವರು ಯಾರು?

ಆರೋಗ್ಯದ ಮಾತಿಗೆ ಬಂದರೆ ನಮಗೆ ಹೆಚ್ಚು ಭಯವಿರುವುದು ಕಣ್ಣಿನದು. ಛರ್ರೆಗೆ ಚರ್ಮ ಸೀಳಲು ಬೇಕಾದ ವೇಗಕ್ಕಿಂತ ಬಹಳ ಕಡಿಮೆ ವೇಗ ಸಾಕು, ಕಣ್ಣುಗುಡ್ಡೆ ಒಡೆಯಲು. ಗುರಿ ತಪ್ಪಿ ಹಾರಿದ ಛರ್ರೆ ಮುನ್ನೂರು ಮೀಟರು ದೂರ ಹೋಗಬಲ್ಲದು. ನಮ್ಮ ಹೊಲಗಳು ತುಂಡು ತುಂಡು. ಮುನ್ನೂರು ಮೀಟರಿನೊಳಗೆ ಯಾರದೋ ಬಾವಿ, ಯಾರದೋ ದನ, ಕಟಾವಿಗೆ ಬಂದವರ ಜೋಪಡಿ, ಅಲ್ಲಿ ಆಡುವ ಮಕ್ಕಳು ಇದ್ದೇ ಇರುತ್ತಾರೆ. ಕಬ್ಬಿನ ಸಾಲಿನೊಳಗೆ ಕುಳಿತು ಕಡಿಯುವ ಆಳು ಈಚೆ ನಿಂತವನಿಗೆ ಕಾಣುವುದೇ ಇಲ್ಲ. ಕಲ್ಲಿಗೋ ನೀರಿನ ಪೈಪಿಗೋ ತಾಗಿ ಛರ್ರೆ ಹಿಂದಕ್ಕೆ ಚಿಮ್ಮುವುದೂ ಉಂಟು.

ಅಕಸ್ಮಾತ್ ಕಣ್ಣಿಗೆ ತಾಗಿದರೆ ತಿಕ್ಕಬಾರದು, ತೊಳೆಯಬಾರದು, ಔಷಧ ಹನಿಸಬಾರದು, ಒಳಗಿನದನ್ನು ಕೀಳಲು ಹೋಗಬಾರದು. ಎದೆಹಾಲು, ಎಣ್ಣೆ, ಅರಿಶಿನ ಏನೂ ಕೂಡದು. ಶುಭ್ರವಾದ ಕಾಗದದ ಕಪ್ಪಿನ ತಳಭಾಗವನ್ನು ಕಣ್ಣಿಗೆ ಒತ್ತದಂತೆ ಮೇಲೆ ಮುಚ್ಚಿ, ಹಣೆ ಕೆನ್ನೆಗಳಿಗೆ ಪಟ್ಟಿ ಅಂಟಿಸಿ, ತಲೆ ಅಲುಗದಂತೆ ನೇರವಾಗಿ ಕೊಲ್ಹಾಪುರ, ಸಾಂಗಲಿ ಅಥವಾ ಮಿರಜದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಶಸ್ತ್ರಕ್ರಿಯೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ತಿನ್ನಲು ಕುಡಿಯಲು ಕೊಡಬೇಡಿರಿ. ಮೈಗೆ ಹೊಕ್ಕ ಛರ್ರೆಯೂ ಹೊರಗೆ ಸಣ್ಣ ತೂತಿನಂತೆ ಕಂಡು ಮೋಸ ಮಾಡುತ್ತದೆ. ಎಕ್ಸ್‌ರೇ ತೆಗೆಸದೆ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸದೆ ಬಿಡಬಾರದು. ಪೊಲೀಸರಿಗೆ ಹೆದರಿ ‘ಮುಳ್ಳು ಚುಚ್ಚಿತು’ ಎಂದು ಡಾಕ್ಟರಿಗೆ ಸುಳ್ಳು ಹೇಳುವವರಿಗೆ ನಮ್ಮ ವಿನಂತಿ: ಕಣ್ಣು ಹೋದರೆ ಮತ್ತೆ ಬರುವುದಿಲ್ಲ.

ಎರಡನೆಯದು ಸೀಸ. ಛರ್ರೆಗಳು ಬಹುಪಾಲು ಸೀಸದವು. ಅದು ಮಿದು ಲೋಹ, ಎಲುಬಿಗೆ ತಾಗಿದಾಗ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರುಗಳಾಗಿ ಮಾಂಸದಲ್ಲಿ ಉಳಿಯಬಹುದು. ನಮ್ಮ ಅಡಿಗೆಯ ಹುಣಸೆ, ವಿನೆಗರುಗಳ ಹುಳಿ ಸೀಸವನ್ನು ಇನ್ನಷ್ಟು ಕರಗಿಸುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಡ್ಡಿಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬುದ್ಧಿ ಬೆಳೆಯುವ ವಯಸ್ಸಿನಲ್ಲಿ ಅದು ಮಿದುಳಿಗೆ ಹೊಡೆತ ಕೊಡುತ್ತದೆ, ರಕ್ತ ಕಡಿಮೆ ಮಾಡುತ್ತದೆ, ಗರ್ಭಿಣಿಯಿಂದ ಕೂಸಿಗೂ ದಾಟುತ್ತದೆ. ಬೇಟೆಗೆ ಕಾಯ್ದೆಯ ಅಡ್ಡಿಯಿಲ್ಲದ ಕಡೆಗಳಲ್ಲೇ ಇದರಿಂದ ಹಿಂದೆ ಸರಿಯುತ್ತಿದ್ದಾರೆ. ಡೆನ್ಮಾರ್ಕ್ 1996ರಲ್ಲಿಯೇ ಬೇಟೆಯ ಸೀಸದ ಗುಂಡುಕಾಳನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಮದ್ದುಗುಂಡು ಬಳಸುವಂತಿಲ್ಲ. ಗುರಿಯ ಆಟಕ್ಕೆ ಬಳಸುವವರೂ ಛರ್ರೆಯನ್ನು ಬಾಯಲ್ಲಿ ಇಟ್ಟುಕೊಳ್ಳಬಾರದು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ರೊಟ್ಟಿ ಮುಟ್ಟಬಾರದು, ಡಬ್ಬಿ ಮಕ್ಕಳ ಕೈಗೆ ಸಿಗಬಾರದು.

ಧರ್ಮಸಭೆಯ ಬೋಧನೆ ಏನೆಂದು ಕೇಳುವವರಿಗೆ ಒಂದೆರಡು ಮಾತು. ಆಹಾರಕ್ಕೆ, ಬಟ್ಟೆಗೆ ಪ್ರಾಣಿಗಳನ್ನು ಬಳಸುವುದು ಪಾಪವೆಂದು ಧರ್ಮಸಭೆ ಎಂದೂ ಹೇಳಿಲ್ಲ. ಕೋಳಿ ಕುರಿ ಸಾಕಿ ಉಣ್ಣುವ ನಾವು ಬೇಟೆಗಾರನನ್ನು ಕಂಡು ಮೂಗು ಮುರಿಯುವುದೂ ಸರಿಯಲ್ಲ. ಬೇಟೆಗಾರರಿಗೆ ಸಂತ ಹ್ಯೂಬರ್ಟರೇ ಪಾಲಕರಾಗಿದ್ದಾರಲ್ಲ. ಆದರೆ ಅವಶ್ಯವಿಲ್ಲದೆ ಪ್ರಾಣಿಗಳನ್ನು ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ವಿರುದ್ಧ ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2418ನೆಯ ಕಂಡಿಕೆ ಸ್ಪಷ್ಟವಾಗಿ ತಿಳಿಸುತ್ತದೆ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಮರಿಗಳ ಜೊತೆ ತಾಯಿಹಕ್ಕಿಯನ್ನೂ ಹಿಡಿಯಬಾರದೆಂಬ ಕಟ್ಟಳೆಯಿದೆ. ಮೂರು ಸಾವಿರ ವರ್ಷದ ಹಿಂದಿನ ಕುರುಬರಿಗೂ ಬಿತ್ತನೆ ಬೀಜವನ್ನು ತಿಂದುಹಾಕಬಾರದೆಂಬ ಎಚ್ಚರ ಇತ್ತು. ಫೋನಿಗೆ ಚಿತ್ರ ತೆಗೆಯಲು ಹೊಡೆದ ಗೌಜಲಿಗೆ ಹಸಿವಿನ ನೆಪ ಹೇಳಲು ಬಾರದು.

ಅರಸರೂ ಇಲ್ಲಿ ಬೇಟೆಯಾಡಿದವರೇ. ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು ಚೀತಾಗಳನ್ನು ಸಾಕಿ ಪಳಗಿಸಿ ಕೃಷ್ಣಮೃಗಗಳ ಮೇಲೆ ಬಿಡುತ್ತಿದ್ದುದು ಪ್ರಸಿದ್ಧ. ಅದೇ ಸಂಸ್ಥಾನದ ಬೇಟೆಯ ಕಾಡಾಗಿದ್ದ ದಾಜೀಪುರ 1958ರಲ್ಲಿ ಕಾಡೆಮ್ಮೆಗಳ ಅಭಯಾರಣ್ಯವಾಯಿತು. ಈಗ ಅದು ರಾಧಾನಗರಿ ಅಭಯಾರಣ್ಯದ ಭಾಗ. ಭಾರತದ ಚೀತಾವಂತೂ ಉಳಿಯಲಿಲ್ಲ. 1952ರಲ್ಲಿ ಅದು ನಶಿಸಿತೆಂದು ಸರ್ಕಾರವೇ ಸಾರಿತು.

ರಾಧಾನಗರಿಯ ಹೆಸರು ಬಂದುದರಿಂದ ಸಂತೋಷದ ಮಾತನ್ನೂ ಹೇಳಬೇಕು. ಅದೇ ತಾಲೂಕಿನ ಕಾಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್ಕಿನಲ್ಲಿ 50 ಮೀಟರ್ ಪ್ರೋನ್ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದರು. ಅದೇ ಊರಿನ ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ತಂದರು. ಕುಸ್ತಿಯ ಊರೆಂದು ಹೆಸರಾದ ಕೊಲ್ಹಾಪುರ ಗುರಿಯ ಊರೂ ಆಗಿದೆ. ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಬಂದೂಕು ಬರುವುದಾದರೆ ಈ ದಾರಿಯಿಂದ ಬರಲಿ ಎಂಬುದು ನಮ್ಮ ಆಸೆ.

ಹಾಗೆ ಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ‘ಹಂಟಿಂಗ್’ ಎಂದು ಮಾರುವ 19-20 ಜೂಲಿನ ದುರ್ಬೀನಿನ ಪಿಸಿಪಿ ಸ್ಪರ್ಧೆಗೆ ಬರುವುದಿಲ್ಲ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಬಂದೂಕೂ ಇಂದು ಹೆಚ್ಚಾಗಿ ಗಾಳಿ ತುಂಬಿಸಿಡುವ ಜಾತಿಯದೇ. ಆದರೆ ಅದರ ಶಕ್ತಿ ಏಳೆಂಟು ಜೂಲ್ ಮಾತ್ರ. ನಳಿಗೆ 4.5 ಮಿಲಿಮೀಟರ್, ತೂಕ ಐದೂವರೆ ಕಿಲೋ ಮೀರುವಂತಿಲ್ಲ, ದುರ್ಬೀನು ಇಡುವಂತಿಲ್ಲ. ನಡುವಿನ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್! ಇಲ್ಲಿ ಬೇಕಾದುದು ಜೋರಲ್ಲ, ಉಸಿರಿನ ಹಿಡಿತ. ಆದುದರಿಂದ ಮೊದಲು ಬಂದೂಕು ಕೊಳ್ಳಬೇಡಿರಿ. ಮೊದಲು ಕ್ಲಬ್ಬಿಗೆ ಹೋಗಿ ಅಲ್ಲಿಯದರಲ್ಲಿ ಆರು ತಿಂಗಳು ಕಲಿಯಿರಿ. ಹುಡುಗನ ಹೆಗಲಿನಿಂದ ಬೆರಳಿನವರೆಗಿನ ಅಳತೆಗೆ ಹಿಂಬದಿ ಕೂಡುತ್ತದೆಯೇ ಎಂದು ತರಬೇತುದಾರರು ನೋಡಲಿ. ಬಂದೂಕಿನ ಬೆಲೆಯ ಮೇಲೆ ಪಂಪು ಅಥವಾ ಸಿಲಿಂಡರು, ಛರ್ರೆ, ಸೀಲು ಬದಲಿಸುವ ಖರ್ಚು ಬೇರೆ ಎಂದು ಲೆಕ್ಕ ಹಾಕಿರಿ. ಹತ್ತಿರದಲ್ಲಿ ರಿಪೇರಿ ಮಾಡುವವರು ಇಲ್ಲದ ಕಂಪನಿಯದನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿರಿ. ಹಿತ್ತಲಲ್ಲಿ ಅಭ್ಯಾಸ ಮಾಡುವವರು ಹಳೆಯ ಸ್ಪ್ರಿಂಗಿನ ಬಂದೂಕಿನಲ್ಲೇ ಶುರು ಮಾಡಿದರೆ ಗಾಳಿಯ ರಗಳೆಯಿಲ್ಲ. ಗುರಿಯ ಹಿಂದೆ ಮಣ್ಣಿನ ಗುಡ್ಡೆ ಅಥವಾ ಮರಳು ಚೀಲ ಇರಲೇಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು. ಕೆಲಸ ಮುಗಿದ ಮೇಲೆ ಬಂದೂಕು ಒಂದು ಕಪಾಟಿನಲ್ಲಿ, ಛರ್ರೆ ಇನ್ನೊಂದರಲ್ಲಿ, ಎರಡಕ್ಕೂ ಬೀಗ.

ಬೆಳೆ ಕಾಯಲು ಬಂದೂಕು ಬೇಕೆನ್ನುವವರಿಗೆ ನಮ್ಮ ಸಲಹೆ ಹಳೆಯದೇ. ಜೋಳ, ಸೂರ್ಯಕಾಂತಿ ಹಾಲುಗಾಳಾಗುವ ಹದಿನೈದು ಇಪ್ಪತ್ತು ದಿನ ಮಾತ್ರ ಹಕ್ಕಿಯ ಕಾಟ ಜೋರು. ಅಷ್ಟು ದಿನ ಮುಂಜಾನೆ ಎರಡು ತಾಸು, ಸಂಜೆ ಎರಡು ತಾಸು ತಗಡು ಬಡಿದು ಕೂಗುವ ಒಬ್ಬ ಮನುಷ್ಯ ಸಾಕು. ಹೊಳೆಯುವ ಕೆಂಪು ಬಿಳಿ ರಿಬ್ಬನ್ನನ್ನು ಹುರಿ ಹಾಕಿ ಗಾಳಿಗೆ ಅಡ್ಡಲಾಗಿ ಕಟ್ಟಿದರೆ ಗಿಣಿಗಳು ಹೆದರುತ್ತವೆ. ಎಂಟು ದಿನದಲ್ಲಿ ಅವು ಅದಕ್ಕೆ ಒಗ್ಗಿಕೊಳ್ಳುವುದರಿಂದ ಜಾಗ ಬದಲಿಸುತ್ತಿರಬೇಕು. ಒಬ್ಬರ ಹೊಲ ಮುಂಚೆ, ಇನ್ನೊಬ್ಬರದು ಹಿಂದೆ ಎಂದು ಬಿತ್ತದೆ ಓಣಿಯವರೆಲ್ಲಾ ಒಂದೇ ವಾರದಲ್ಲಿ ಬಿತ್ತಿದರೆ ಹಾನಿ ಹಂಚಿಹೋಗುತ್ತದೆ.

ಇನ್ನು, ಛರ್ರೆಗೆ ಮೊದಲು ಬಲಿಯಾಗುವ ಹಕ್ಕಿಗಳು ಯಾವುವೆಂದು ನೋಡಿರಿ. ತಂತಿಯ ಮೇಲೆ ಕೂಡುವ ಕಾಜಾಣ, ನೇಗಿಲ ಹಿಂದೆ ನಡೆಯುವ ಗೊರವಂಕ ಮತ್ತು ಬೆಳ್ಳಕ್ಕಿ, ರಾತ್ರಿ ಬದುವಿನ ಮೇಲೆ ಕಾಯುವ ಗೂಬೆ. ನಮ್ಮ ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವನ್ನು, ಮರಾಠಿಯವರು ಹುಮಣಿ ಎನ್ನುವುದನ್ನು, ಉತ್ತ ಮಣ್ಣಿನಿಂದ ಹೆಕ್ಕಿ ತಿನ್ನುವವು ಇವೇ. ಇಲಿ ಹಿಡಿಯುವುದು ಗೂಬೆ. ಕಬ್ಬು ನೆಟ್ಟ ಹೊಸದರಲ್ಲಿ ಹೊಲದ ನಡುವೆ ಅಲ್ಲಲ್ಲಿ ಅಡ್ಡಪಟ್ಟಿಯ ಕೋಲು ನೆಟ್ಟರೆ ಹಗಲು ಕಾಜಾಣ, ರಾತ್ರಿ ಗೂಬೆ ಬಂದು ಕೂಡುತ್ತವೆ. ಮೇ ತಿಂಗಳ ಕೊನೆಯ ವಳಿವಿನ ಮಳೆ ಬಿದ್ದ ಸಂಜೆ ಹುಮಣಿಯ ಜೀರುಂಡೆಗಳು ನೆಲದಿಂದ ಎದ್ದು ಬೇವು, ಬಾರೆ, ಜಾಲಿ ಮರಗಳಿಗೆ ಮುತ್ತುತ್ತವೆ. ಆ ಮೂರು ನಾಲ್ಕು ರಾತ್ರಿ ಓಣಿಯ ಹುಡುಗರೆಲ್ಲಾ ಸೇರಿ ಕೊಂಬೆ ಅಲುಗಿಸಿ, ಬಿದ್ದ ಜೀರುಂಡೆಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಲಿ. ಒಂದೇ ಮನೆಯವರು ಮಾಡಿದರೆ ಪ್ರಯೋಜನವಿಲ್ಲ, ಸುತ್ತಲಿನ ಹೊಲದವರೆಲ್ಲಾ ಒಂದೇ ರಾತ್ರಿ ಮಾಡಬೇಕು. ಈ ವರ್ಷ ಯಾವ ಓಣಿಯವರು ಯಾವ ಮರಗಳನ್ನು ನೋಡಿಕೊಳ್ಳುವುದೆಂದು ಮಳೆಗೆ ಮುಂಚೆಯೇ ಒಂದು ಭಾನುವಾರ ಪೂಜೆಯ ನಂತರ ಕುಳಿತು ಮಾತಾಡಿಕೊಳ್ಳುವುದು ಒಳ್ಳೆಯದು.